ಐದು ಎಣಿಸುವಷ್ಟು ಹೊತ್ತು

ನನ್ನ ನಾದಿನಿ ಟೂರುನ್ ಹಾರ್ಡಾಂಗರ್ ಫಿಯೋರ್ಡ್ ಎಂಬ, ಬೆಟ್ಟಗಳ ನಡುವಿನ ಕಡಲ ಕೊಲ್ಲಿಯ ಎರಡೂ ದಡಗಳಲ್ಲಿ ಮಾರಾಟಕ್ಕಿರುವ ಮನೆಗಳ ಫೋಟೊ ತೆಗೆಯುತ್ತಾಳೆ. ಅದಕ್ಕೂ ಮುಂಚೆ ಹದಿನಾಲ್ಕು ವರ್ಷ ಅಂಥವೇ ಮನೆಗಳ ನೆಲ ಒರೆಸಿದವಳು. ಹಾಗಾಗಿ ಬೆಳಕು ಯಾವ ಕಿಟಕಿಯಿಂದ ಬರುತ್ತದೆ, ಬಂದು ಯಾವ ಮೂಲೆಯ ಧೂಳನ್ನು ತೋರಿಸಿಕೊಡುತ್ತದೆ ಎಂದು ಅವಳಿಗೆ ಯಾರೂ ಕಲಿಸಬೇಕಾಗಲಿಲ್ಲ.

ಅವಳ ಕಸುಬಿನ ಗುಟ್ಟು ಇಷ್ಟೇ. ಕ್ಯಾಮೆರಾ ನಮ್ಮ ಕಣ್ಣಿನಷ್ಟು ಜಾಣ ಅಲ್ಲ. ಕಿಟಕಿಯಾಚೆಯ ಹಿಮದ ಬೆಟ್ಟ ಕಾಣುವಂತೆ ತೆಗೆದರೆ ಅಡುಗೆಮನೆ ಕತ್ತಲಾಗುತ್ತದೆ. ಅಡುಗೆಮನೆ ಕಾಣುವಂತೆ ತೆಗೆದರೆ ಕಿಟಕಿ ಬರೀ ಬಿಳಿ ಹಾಳೆ. ಅದಕ್ಕೇ ಕ್ಯಾಮೆರಾವನ್ನು ಸ್ಟ್ಯಾಂಡಿನ ಮೇಲೆ ಬಿಗಿಯಾಗಿ ನಿಲ್ಲಿಸಿ ಒಂದೇ ನೋಟವನ್ನು ಐದು ಸಲ ತೆಗೆಯುತ್ತಾಳೆ. ಮೊದಲನೆಯದು ತೀರಾ ಕಪ್ಪು, ಕೊನೆಯದು ತೀರಾ ಬೆಳ್ಳಗೆ. ಆಮೇಲೆ ಕಂಪ್ಯೂಟರಿನಲ್ಲಿ ಒಂದೊಂದರಿಂದಲೂ ಚೆನ್ನಾಗಿ ಬಂದ ಭಾಗವನ್ನಷ್ಟೇ ತೆಗೆದುಕೊಂಡು ಐದನ್ನೂ ಒಂದಾಗಿ ಬೆರೆಸುತ್ತಾಳೆ. ಷರತ್ತು ಒಂದೇ: ಐದೂ ಮುಗಿಯುವವರೆಗೆ ಏನೂ ಅಲುಗಾಡಬಾರದು. ಅಲುಗಾಡಿದ್ದು ದೆವ್ವದ ಹಾಗೆ ಅರೆಬರೆ ಮೂಡುತ್ತದೆ. ಅದಕ್ಕೇ ಮೊದಲು ಮನೆಯವರನ್ನೆಲ್ಲ ಹೊರಗೆ ಕಳಿಸಿಬಿಡುತ್ತಾಳೆ.

"ಯಾರೂ ಅಡುಗೆ ಮಾಡದ ಅಡುಗೆಮನೆಗಳ ಫೋಟೊನೇ ಹನ್ನೊಂದು ವರ್ಷದಿಂದ ತೆಗೀತಿದೀನಿ ಕಣೇ," ಎಂದು ನನ್ನ ಹತ್ತಿರ ಹೇಳಿಕೊಂಡು ನಗುತ್ತಾಳೆ.

ಈ ಮೇ ತಿಂಗಳಲ್ಲಿ ಅತ್ತೆ ಓಡ್ನಿಗೆ ಎಂಬತ್ತು ತುಂಬಿತು. ಊರಿನ ಪತ್ರಿಕೆಯ ಶುಭಾಶಯದ ಪುಟಕ್ಕೆ ಒಂದು ಫೋಟೊ ಬೇಕಿತ್ತು. ಶುಕ್ರವಾರ ಹನ್ನೆರಡು ಗಂಟೆಯೊಳಗೆ ಕಳಿಸಬೇಕು. ಆಲ್ಬಮ್ಮುಗಳನ್ನು ಹರಡಿಕೊಂಡು ಕೂತೆವು. ಮಾವ ಇದ್ದಾಗ ತೆಗೆದ ನೂರಾರು ಫೋಟೊಗಳಲ್ಲಿ ಅತ್ತೆ ಇರುವುದು ಏಳರಲ್ಲಿ. ನಾಲ್ಕರಲ್ಲಿ ಒಲೆಯ ಕಡೆ ಮುಖ, ನಮ್ಮ ಕಡೆ ಬೆನ್ನು. ಮೂರರಲ್ಲಿ ಕಿಟಕಿಯ ಮುಂದೊಂದು ಕರಿ ನೆರಳು.

"ಬೆಟ್ಟ ಚೆನ್ನಾಗಿ ಬಂದಿದೆ," ಎಂದರು ಅತ್ತೆ. "ನಾನು ಬಂದಿಲ್ಲ."

ಟೂರುನ್ ಆಲ್ಬಂ ಮುಚ್ಚಿದಳು. "ಈ ಸಲ ಎರಡೂ ಬರುತ್ತೆ ಅಮ್ಮಾ. ಇದೇ ಕಿಟಕಿ, ಇದೇ ಅಡುಗೆಮನೆ."

"ಅಂಗಳದಲ್ಲಿ ನಿಲ್ಲಿಸಿ ತೆಗೆದ್ರೆ ಸುಲಭ ಅಲ್ವಾ?" ಎಂದ ನನ್ನ ಗಂಡ ಇವಾರ್.

"ಐವತ್ತೇಳು ವರ್ಷ ನಾನು ನಿಂತದ್ದು ಇಲ್ಲಿ," ಎಂದರು ಅತ್ತೆ. "ಅಂಗಳದಲ್ಲಿ ನಿಂತೋರು ನಿಮ್ಮಪ್ಪ."

ಶುಕ್ರವಾರ ಹತ್ತು ಗಂಟೆಗೆ ಟೂರುನ್ ಸ್ಟ್ಯಾಂಡ್ ಹೂಡಿದಳು. ಹೊರಗೆ ಸೇಬಿನ ಗಿಡಗಳು ಹೂ ಬಿಟ್ಟು ಕಣ್ಣು ಕೋರೈಸುತ್ತಿದ್ದವು. ಅತ್ತೆ ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಕೂತರು. ಇವಾರ್ ಮತ್ತು ಅವನ ಅಣ್ಣ ಶೆಟಿಲ್ ಭಾವ ಮೇಜಿನ ಆಚೆ ತುದಿಯಲ್ಲಿ ಖಾಲಿ ಕಪ್ಪು ಹಿಡಿದು ಕೂತರು. ದೋಸೆಯಂಥ ಸಿಹಿ ವಾಫಲ್ ಯಾವಾಗ ಬರುತ್ತದೋ ಎಂದು ಅವರ ಕಾಯುವಿಕೆ.

"ಒಂದು, ಎರಡು, ಮೂರು..." ಎಂದು ಟೂರುನ್ ಎಣಿಸುತ್ತಿದ್ದಾಗ ಕಾಫಿ ಉಕ್ಕಿತು. ಅತ್ತೆ ಎದ್ದೇ ಬಿಟ್ಟರು.

ಎರಡನೇ ಸಲ ಮೇಜಿನ ಮೇಲೆ ಬ್ರೆಡ್ಡಿನ ಚೂರೊಂದು ಕಣ್ಣಿಗೆ ಬಿತ್ತು, ಒರೆಸಿದರು. ಮೂರನೇ ಸಲ ಭಾವ, "ಅಮ್ಮಾ, ಜಾಮ್ ಎಲ್ಲಿದೆ?" ಎಂದರು. ಅತ್ತೆಯ ತಲೆ ಗಿರ್ರನೆ ತಿರುಗಿತು.

"ಐದು ಎಣಿಸೋಷ್ಟು ಹೊತ್ತು ಕೂರೋಕಾಗಲ್ವಾ ನಿಂಗೆ?" ಎಂದಳು ಟೂರುನ್.

"ಕೂತಿದೀನಲ್ಲೇ!"

"ಇದು ಕೂತಿರೋದಾ? ಮೂಗು ಎರಡು ಬಂದಿದೆ ನೋಡು."

"ಒಂದನ್ನ ಅಳಿಸು. ನಿನ್ನ ಕಂಪ್ಯೂಟರಿಗೆ ಅಷ್ಟೂ ಬರಲ್ವಾ?"

ಅಲುಗಾಡಿದ್ದನ್ನು ತಾನೇ ಅಳಿಸಿಬಿಡುವ ಗುಂಡಿಯೊಂದಿದೆ. ಟೂರುನ್ ಮೊದಲ ಸಲದ ಫೋಟೊ ತೆರೆದು ಅದನ್ನು ಒತ್ತಿದಳು. ಅತ್ತೆ ಪೂರ್ತಿ ಮಾಯವಾದರು. ಖಾಲಿ ಕುರ್ಚಿ, ಹೊಳೆಯುವ ಬೆಟ್ಟ, ಮತ್ತು ಕಪ್ಪು ಹಿಡಿದು ಕೂತ ಇಬ್ಬರು ಗಂಡುಮಕ್ಕಳು. ಅವರ ಅಂಗಿಯ ಗುಂಡಿಯನ್ನೂ ಎಣಿಸಬಹುದು, ಅಷ್ಟು ಸ್ಪಷ್ಟ.

ಗಂಟೆ ಹನ್ನೊಂದಾಗಿತ್ತು. ಟೂರುನ್ ಆ ಚಿತ್ರವನ್ನೂ ಅಣ್ಣಂದಿರನ್ನೂ ಒಂದು ಸಲ ನೋಡಿದಳು.

"ಏಳ್ರಪ್ಪಾ ಇಬ್ಬರೂ. ನೀವು ಕೂತಿರೋವರೆಗೆ ಅಮ್ಮ ಕೂರಲ್ಲ. ವಾಫಲ್ ನೀವೇ ಮಾಡಿ."

"ನಾವಾ?" ಎಂದರು ಭಾವ. "ಅದರ ಕಾವಲಿ ಎಲ್ಲಿದೆ?"

"ಕೆಳಗಿನ..." ಎಂದು ಅತ್ತೆ ಬಾಯಿ ತೆರೆದರು.

"ಶ್!" ನಾನೂ ಟೂರುನ್ನೂ ಒಟ್ಟಿಗೇ ಗದರಿದೆವು.

"ಅಮ್ಮನ್ನ ಕೇಳ್ಬೇಡಿ, ಹುಡುಕಿ," ಎಂದಳು ಟೂರುನ್. "ಇಲ್ಲೇ ಹುಟ್ಟಿ ಬೆಳೆದೋರು ತಾನೇ?"

ಮೂವತ್ತು ವರ್ಷ ಮಂಜಿನಲ್ಲೂ ಫೆರಿ ದೋಣಿ ನಡೆಸಿದ ಭಾವ ಮೊದಲು ತೆರೆದದ್ದು ಪೊರಕೆ ಇಡುವ ಕಪಾಟು. ಇವಾರ್ ಮೈದಾ ಬದಲು ಆಲೂಗಡ್ಡೆ ಹಿಟ್ಟಿನ ಪೊಟ್ಟಣ ಎತ್ತಿ, "ಇದೇ ಇರ್ಬೇಕು ಬಿಡು," ಎಂದು ಬಟ್ಟಲಿಗೆ ಸುರಿದ. ಮೇಜಿನ ಮೇಲೆ ಅತ್ತೆಯ ಬೆರಳುಗಳು ಕುಣಿದವು. ಅವರು ತುಟಿ ಕಚ್ಚಿಕೊಂಡರು.

"ಮೊಟ್ಟೆ ಚಿಪ್ಪು ಬಿತ್ತಲ್ಲೋ!"

"ಸಣ್ಣದು ಅಣ್ಣ. ಗೊತ್ತಾಗಲ್ಲ."

"ನಿನ್ನ ಮೊಣಕೈ ತೆಗಿಯೋ ಮಾರಾಯ, ಹಾಲು ಚೆಲ್ತು!"

ಅಷ್ಟು ಹೊತ್ತಿಗೆ ಅತ್ತೆಯ ಬೆರಳುಗಳು ನಿಂತಿದ್ದವು. ಅವರು ಬೆನ್ನನ್ನು ಕುರ್ಚಿಗೆ ಆನಿಸಿದರು. ಅವರ ಬೆನ್ನು ಆ ಕುರ್ಚಿಗೆ ತಾಗಿದ್ದನ್ನು ನಾನು ಇಪ್ಪತ್ತಾರು ವರ್ಷಗಳಲ್ಲಿ ನೋಡಿದ ನೆನಪಿಲ್ಲ. ಕೈ ಮಡಿಲಲ್ಲಿ, ಮುಖದ ತುಂಬ ತಡೆದು ಹಿಡಿದ ನಗು, ಕಣ್ಣು ಮಿಟುಕಿಸಿದರೆ ಏನಾದರೂ ತಪ್ಪಿಹೋದೀತು ಎನ್ನುವ ಹಾಗೆ. ನಾಟಕದಲ್ಲಿ ಮುಂದಿನ ಸಾಲಿನ ಕುರ್ಚಿ ಸಿಕ್ಕವರ ಹಾಗೆ ಕೂತಿದ್ದರು.

ಟೂರುನ್ ಎಣಿಸಲಿಲ್ಲ, ಸುಮ್ಮನೆ ಒತ್ತಿದಳು. ಐದು ಸಲ ಟಿಕ್ ಎಂದಿತು.

ಬೆರೆಸಿದ ಚಿತ್ರ ಪರದೆಯ ಮೇಲೆ ಮೂಡಿದಾಗ ಎಲ್ಲರೂ ಬಗ್ಗಿದೆವು. ಹಿಮವಿತ್ತು, ಸೇಬಿನ ಹೂವಿತ್ತು, ಅವುಗಳ ಮುಂದೆ ಅತ್ತೆಯಿದ್ದರು: ಒಂದೊಂದು ಸುಕ್ಕೂ, ಕಣ್ಣಿನ ಮಿಂಚೂ. ಹಿಂದುಗಡೆ ಭಾವನಿಗೆ ಮೊಣಕೈ ಮೂರು. ಇವಾರ್ ಅರ್ಧ ಹೊಗೆಯಾಗಿದ್ದ.

"ಅಯ್ಯೋ, ನನ್ನ ಹೊಟ್ಟೆಯೊಳಗಿಂದ ಹಿಂದಿನ ತಟ್ಟೆಗಳು ಕಾಣ್ತಿವೆ! ಅಳಿಸೇ ಟೂರುನ್!" ಎಂದ ಇವಾರ್.

ಅವಳ ಬೆರಳು ಗುಂಡಿಯ ಹತ್ತಿರ ಹೋಯಿತು.

"ಬೇಡ, ಇರಲಿ ಬಿಡು," ಎಂದರು ಅತ್ತೆ. "ಕೆಲಸ ಮಾಡೋರು ಹಾಗೇ ಕಾಣೋದು."

ಹನ್ನೆರಡಕ್ಕೆ ಎಂಟು ನಿಮಿಷವಿದ್ದಾಗ ಫೋಟೊ ಪತ್ರಿಕೆಗೆ ಹೋಯಿತು. ವಾಫಲ್ ಒಂದು ಕಡೆ ಸೀದು, ಇನ್ನೊಂದು ಕಡೆ ಹಸಿಯಾಗಿತ್ತು. ಅತ್ತೆ ಅದರ ಮೇಲೆ ಕಂದು ಚೀಸ್ ಇಟ್ಟುಕೊಂಡು ಎರಡು ತಿಂದರು, ಕೂತಲ್ಲಿಂದ ಏಳದೆ. ಆಮೇಲೆ ತಮ್ಮ ಖಾಲಿ ಕಪ್ಪನ್ನು ಎತ್ತಿ ಹಿಡಿದರು, ಯಾರ ಹೆಸರನ್ನೂ ಹೇಳಲಿಲ್ಲ. ಶೆಟಿಲ್ ಭಾವ ಕಾಫಿ ತರಲು ಎದ್ದರು.