ಹೆಸರಿನ ಮೇಲಿನ ಗೆರೆ

ಕಾಕು ಎಂದು ನಾವೆಲ್ಲ ಕರೆಯುವ ಹಿರಿಯ ಹೆಂಗಸೊಬ್ಬರು ಕೆಲಗೇರಿಯಲ್ಲಿ ನಾಲ್ಕಾರು ಹೆಂಗಸರನ್ನು ಜೊತೆಗೆ ಸೇರಿಸಿಕೊಂಡು ಜೋಳದ ರೊಟ್ಟಿ ಮಾಡಿ ಮಾರುತ್ತಾರೆ. ಅವರ ರೊಟ್ಟಿ ಮಷಿನ್ನಿನ ಕಂಟ್ರೋಲ್ ಬೋರ್ಡ್ ಸುಟ್ಟುಹೋದಾಗ, ಗೋಕುಲ ರಸ್ತೆಯಲ್ಲಿ ನಾನೂ ನನ್ನ ಗಂಡನೂ ನಡೆಸುವ ರಿಪೇರಿ ಅಂಗಡಿಗೆ ಬಂದರು. "ಮದುವಿ ಸೀಜನ್ ಐತಿ ಯವ್ವಾ, ಲಗೂ ಮಾಡಿಕೊಡು" ಎಂದರು.

ಹೊಸ ಬೋರ್ಡಿನ ಜೊತೆ ಅದರ ಸರ್ಕ್ಯೂಟ್ ನಕ್ಷೆಯೂ ಬಂತು. ಅದರಲ್ಲಿ ಮಷಿನ್ ಓಡಿಸುವ ವೈರಿನ ತುದಿಗೆ ಬರೆದಿದ್ದ 'ರನ್' ಎಂಬ ಇಂಗ್ಲಿಷ್ ಅಕ್ಷರಗಳ ಮೇಲೊಂದು ತೆಳು ಗೆರೆಯಿತ್ತು. ಝೆರಾಕ್ಸ್ ಮಾಡುವಾಗ ಬಿದ್ದ ಕಲೆ ಎಂದುಕೊಂಡೆ. ಸ್ವಿಚ್ ಹಾಕಿದರೆ ಆ ತುದಿಗೆ ಐದು ವೋಲ್ಟ್ ಹೋಗುವಂತೆ, ತೆಗೆದರೆ ಸೊನ್ನೆಯಾಗುವಂತೆ ವೈರು ಜೋಡಿಸಿದೆವು.

ಕೆಲಗೇರಿಗೆ ಹೋಗಿ ಬೋರ್ಡನ್ನು ಮಷಿನ್ನಿಗೆ ಕೂಡಿಸಿ ಕರೆಂಟಿನ ಮೇನ್ ಹಾಕಿದ್ದೇ ತಡ, ಯಾರೂ ಸ್ವಿಚ್ ಮುಟ್ಟದಿದ್ದರೂ ಬೆಲ್ಟ್ ಓಡತೊಡಗಿತು. ಹೆಂಗಸರು ಹೋ ಎಂದು ಹಿಂದೆ ಸರಿದರು. ನನ್ನ ಗಂಡ ಗಾಬರಿಯಾಗಿ ಸ್ವಿಚ್ ಹಾಕಿದರು, ನಿಂತಿತು. ತೆಗೆದರು; ಮತ್ತೆ ಓಡಿತು.

ಕಾಕು ಬಾಯಿಗೆ ಸೆರಗು ಹಿಡಿದು ನಕ್ಕರು. "ಏನಬೇ ಇದು, ಹೇಳಿದ್ದಕ್ಕೆಲ್ಲಾ ಉಲ್ಟಾ ಮಾಡಾಕತ್ತೈತಿ!"

ಮೇನ್ ತೆಗೆದು, ಹಿಟ್ಟಿನ ಚೀಲದ ಮೇಲೆ ನಕ್ಷೆ ಹಾಸಿದೆವು. ನನ್ನ ಗಂಡ ಗೆರೆಯ ಮೇಲೆ ಬೆರಳಿಟ್ಟರು. "ಇದು ಝೆರಾಕ್ಸಿನ ಕಲಿ ಅಲ್ಲ ಅನಸ್ತೈತಿ ನೋಡು. ಸರಿಯಾಗಿ ಹೆಸರಿನಷ್ಟ ಉದ್ದ ಐತಿ."

ನಾನು ಬಗ್ಗಿ ನೋಡಿದೆ. ಅದೇ ವೈರು ಬೋರ್ಡಿನ ಚಿಪ್‌ಗೆ ಸೇರುವಲ್ಲಿ ಸೊನ್ನೆಯಾಕಾರದ ಒಂದು ಪುಟ್ಟ ಗುರುತನ್ನೂ ಬರೆದಿದ್ದರು. ಡಿಪ್ಲೊಮಾದಲ್ಲಿ ಪರೀಕ್ಷೆಗೆಂದು ಬಾಯಿಪಾಠ ಮಾಡಿದ್ದು ಅಲ್ಲಿ, ಹಿಟ್ಟಿನ ವಾಸನೆಯ ನಡುವೆ, ಅರ್ಥವಾಯಿತು. ಹೆಸರಿನ ಮೇಲಿನ ಗೆರೆಗೂ ಆ ಗುರುತಿಗೂ ಅರ್ಥ ಒಂದೇ: ವೋಲ್ಟೇಜು ಸೊನ್ನೆಗಿಳಿದಾಗಲೇ ಆ ಆಜ್ಞೆ ಜಾರಿ. ಖುಷಿಗೆ ಚಪ್ಪಾಳೆಯನ್ನೇ ತಟ್ಟಿಬಿಟ್ಟೆ.

"ಕಾಕು, ಐದು ವೋಲ್ಟ್ ಇದ್ರ ಇದು ಸುಮ್ನ ಕೂಡತೈತ್ರಿ. ಸೊನ್ನಿ ಆದ್ರ ಓಡತೈತ್ರಿ!"

"ಹಂಗಾರ ಬೋರ್ಡ್ ಕೆಟ್ಟಿಲ್ಲ?"

"ಖರೇನ ಛಲೋ ಐತ್ರಿ. ನಾವ ಉಲ್ಟಾ ಓದಿದ್ವಿ."

ಸ್ವಿಚ್ ಹಾಕಿದರೆ ಸೊನ್ನೆ, ತೆಗೆದರೆ ಐದು ವೋಲ್ಟ್ ಆಗುವಂತೆ ವೈರುಗಳನ್ನು ಅದಲುಬದಲು ಮಾಡಿ ಬೆಸುಗೆ ಹಾಕಿದೆ. ಈ ಸಲ ಮೇನ್ ಹಾಕಿದ ಮೇಲೆ ಸ್ವಿಚ್ಚನ್ನು ಕಾಕುವೇ ಹಾಕಿದರು. ಬೆಲ್ಟ್ ಸರಿಯಿತು, ಹಿಟ್ಟಿನ ಉಂಡೆ ಒಳಗೆ ಹೋಗಿ ದುಂಡಗೆ ರೊಟ್ಟಿಯಾಗಿ ಹೊರಬಂತು. ಅವರು ಆರಿಸಿದರು, ಮತ್ತೆ ಹಾಕಿದರು. "ತಡೀ, ಇನ್ನೊಮ್ಮೆ ನೋಡೂಣು" ಎನ್ನುತ್ತ ಸಣ್ಣ ಹುಡುಗಿಯಂತೆ ಮತ್ತೆ ಆರಿಸಿದರು.

ಬಿಸಿ ರೊಟ್ಟಿಯ ಮೇಲೆ ಶೇಂಗಾ ಚಟ್ನಿ, ಎಣ್ಣೆ ಹಾಕಿ ಕೊಟ್ಟರು. ನಾನು ಕೈ ಚಾಚಿದರೆ, "ಬೆಸುಗಿ ಕೈ ತೊಳಕೊಂಡು ಬಾ ಮೊದಲ" ಎಂದು ಗದರಿದರು. ತೊಳೆದು ಬರುವಷ್ಟರಲ್ಲಿ ನನ್ನ ಗಂಡ ಎರಡನೆಯ ರೊಟ್ಟಿಯಲ್ಲಿದ್ದರು.