ಸಾಲ್ಸಾದಾಗ ನನ್ನ ಹೆಂಡ್ತಿ ನಕ್ಕಿದ್ದು

ಮುದ್ದೇಬಿಹಾಳದಾಗ ಜಿಮ್ಮಿನ ಮಾಳಗಿ ಮ್ಯಾಲ ಸಾಲ್ಸಾ ಕಲಸ್ತಾರ, ಗಂಡು ಹೆಣ್ಣು ಕೈ ಹಿಡದು ಕುಣೀಬೇಕು ಅಂತ ಕೇಳಿ, ಹಟ ಹಿಡದು ಹೆಂಡ್ತೀನ್ನ ಕರಕೊಂಡು ಹೋದಾಂವ ನಾನ. ಹಾಡು ಬದಲಾದ್ರ ಜೋಡೀನೂ ಬದಲಾಗಬೇಕು ಅನ್ನೂ ನೇಮ ಐತಿ ಅಂತ ಯಾರಿಗೆ ಗೊತ್ತಿತ್ತು?

ನನ್ನ ಕೂಡ ಕುಣಿಯೂವಾಗ ಆಕಿ ನೆಲಾ ನೋಡಕೋಂತ ಹೆಜ್ಜಿ ಎಣಸ್ತಿದ್ಲು. ಮುಂದಿನ ಹಾಡಿಗೆ ಆಲಮಟ್ಟಿಯಿಂದ ಬಂದಿದ್ದ ಒಬ್ಬ ಬೊಜ್ಜಿನ ಸಾಹೇಬ್ರ ಪಾಲಾದ್ಲು. ಅರ್ಧ ಹಾಡು ಮುಗಿಯೂದ್ರಾಗ ತಲಿ ಎತ್ತಿ ನಕ್ಕೋಂತ ತಿರಗಾಕತ್ತಿದ್ಲು. ಆ ನಗಿ ನಮ್ಮ ಮದವಿ ಫೋಟೋದಾಗೂ ಇಲ್ಲ. ನನ್ನ ಹೊಟ್ಟ್ಯಾಗ ಮೆಣಸಿನಕಾಯಿ ಅರದಂಗಾತು.

"ಏನ್ ಮಾಡಿದ್ರಿ ಸಾಹೇಬ್ರ?" ಅಂತ ಕೇಳೇಬಿಟ್ಟೆ.

"ಏನೂ ಇಲ್ರಿ. ನೀವು ಕೈ ಹಿಡದು ಎಳೀತೀರಿ. ನಾ ಕೈ ಕೊಟ್ಟು ಕಾಯ್ತೇನಿ. ಅವರು ಬಂದ ಮ್ಯಾಲನ ಮುಂದಿನ ಹೆಜ್ಜಿ ಇಡ್ತೇನಿ."

ಮನಿಗೆ ಹೊಳ್ಳೂವಾಗ ಎಂದಿನಂಗ ನಾ ಮುಂದ, ಆಕಿ ನಾಕು ಮಾರು ಹಿಂದ. ಇವತ್ತ ನಾನೂ ಕಾಯೂಣು ಅಂತ ಬಜಾರದಾಗ ನಿಂತೆ. ಹೊಳ್ಳಿ ನೋಡಿದ್ರ ಆಕೀನೂ ನಾಕು ಮಾರು ಹಿಂದನ ನಿಂತಿದ್ಲು.

"ಯಾಕ್ರಿ, ಕಾಲು ನೋಯಾಕತ್ತಾವೇನ್ರಿ?"

ಹೌದಂದೆ. ಉರಿಯಾಕತ್ತಿದ್ದು ಹೊಟ್ಟಿ ಅಂತ ಹ್ಯಾಂಗ ಹೇಳ್ಲಿ?