ಬಲಗೈ ಮುರಿದ ಮೇಲೆ ಜಡೆ

ನೋವು ಆಮೇಲೆ ಬಂತು. ಮೊದಲು ಕಂಡದ್ದು ನನ್ನ ಬಲಗೈ ಮಣಿಕಟ್ಟು. ಅದು ತಿರುಗಬಾರದ ಕಡೆಗೆ ತಿರುಗಿಕೊಂಡಿತ್ತು.

ಮಗಳು ಟಿಕೆಟ್ ಮಾಡಿಸಿ ನಮ್ಮಿಬ್ಬರನ್ನು ಬಾಲಿ ದ್ವೀಪಕ್ಕೆ ಕಳಿಸಿದ್ದಳು. ಕೊಯಮತ್ತೂರು ಹತ್ತಿರದ ನಮ್ಮೂರು ಸಿರುಮುಗೈ ಬಿಟ್ಟು ಅಷ್ಟು ದೂರ ಹೋದದ್ದು ಅದೇ ಮೊದಲು. ಅಲ್ಲಿ ಎಲ್ಲರೂ ಬಾಡಿಗೆ ಸ್ಕೂಟರಿನಲ್ಲೇ ಓಡಾಡುತ್ತಾರೆ. ನಮ್ಮ ಯಜಮಾನರೂ ಒಂದು ತೆಗೆದುಕೊಂಡರು. ಊರಲ್ಲಿ ಇವರು ಓಡಿಸುವುದು ಗೇರಿನ ಬೈಕು, ಬ್ರೇಕು ಬಲಗಾಲಲ್ಲಿ. ಸ್ಕೂಟರಿಗೆ ಅದು ಕೈಯಲ್ಲಿ. ಸಮುದ್ರಕ್ಕೆ ಇಳಿಯುವ ದಾರಿಯಲ್ಲಿ ನಾಯಿ ಅಡ್ಡ ಬಂತು. ಇವರು ಬಲಗಾಲಲ್ಲಿ ಜೋರಾಗಿ ತುಳಿದರು.

ಕಾಲ ಕೆಳಗೆ ಬ್ರೇಕು ಇರಲಿಲ್ಲ.

ಇಬ್ಬರೂ ಮಣ್ಣಿನಲ್ಲಿದ್ದೆವು. ಇವರ ಮೊಣಕಾಲು ತರಚಿತ್ತು, ಅಷ್ಟೆ. ನಾಯಿಗೆ ಅದೂ ಇಲ್ಲ.

ಅಲ್ಲಿನ ಕ್ಲಿನಿಕ್ಕಿನಲ್ಲಿ ಕಟ್ಟು ಹಾಕಿ ಕಳಿಸಿದರು. ಕೊಯಮತ್ತೂರಿಗೆ ಬಂದ ಮೇಲೆ ಆಪರೇಷನ್ ಮಾಡಿ ಒಳಗೆ ಪ್ಲೇಟ್ ಕೂಡಿಸಿದರು. ನಾವು ರೇಷ್ಮೆ ಸೀರೆ ನೇಯುವವರು. ಮಗ್ಗದಲ್ಲಿ ಲಾಳಿಯ ಹಗ್ಗ ಎಳೆಯುವುದು ಬಲಗೈ. ಮತ್ತೆ ನೇಯಬಹುದಾ ಎಂದು ಮಾತ್ರ ಡಾಕ್ಟರನ್ನು ಕೇಳಿದೆ.

"ಇಪ್ಪೊ ಸೊಲ್ಲ ಮುಡಿಯಾದಮ್ಮಾ. ಫಿಸಿಯೋ ಪಣ್ಣಿ ಪಾಕ್ಕಲಾಂ," ಎಂದರು. ಈಗಲೇ ಹೇಳಲಾಗದು, ಫಿಸಿಯೋ ಮಾಡಿ ನೋಡೋಣ ಅಂತ.

ಮದುವೆಯಾಗಿ ಬಂದಾಗಿನಿಂದ ಆ ಕೈ ಸುಮ್ಮನೆ ಕೂತದ್ದಿಲ್ಲ. ಈಗ ಅನ್ನ ಕಲಸಲು ಬಾರದು, ಸೀರೆಯ ನೆರಿಗೆ ಹಿಡಿಯಲು ಬಾರದು. ತಲೆಯಂತೂ ಸಿಕ್ಕುಸಿಕ್ಕಾಗಿ ಕನ್ನಡಿ ನೋಡಲು ನಾಚಿಕೆಯಾಗುತ್ತಿತ್ತು.

ಒಂದು ಬೆಳಿಗ್ಗೆ ಇವರೇ ಬಾಚಣಿಗೆ ಹಿಡಿದು ಹಿಂದೆ ಕೂತರು. ಹರಿದ ರೇಷ್ಮೆ ಎಳೆಗೆ ಕಣ್ಣುಮುಚ್ಚಿ ಗಂಟು ಹಾಕುವವರಿಗೆ ಮೂರೆಳೆಯ ಜಡೆ ಬಗೆಹರಿಯಲಿಲ್ಲ.

"ಏನುಂಗ, ಮೆತ್ತಗೆ ಎಳೀರಿ. ಅದು ನೂಲಲ್ಲ, ನನ್ ತಲೆ!"

"ನೀ ಅಲ್ಲಾಡದೆ ಕೂತ್ಕೋಮ್ಮಾ ಸೊಲ್ಪ."

ಆ ಜಡೆ ನೋಡಿ ಬೀದಿಯ ಹೆಂಗಸರೆಲ್ಲ ನಕ್ಕರು. ಇವರು ಬಿಡಲಿಲ್ಲ. ಬಿದ್ದದ್ದರ ಬಗ್ಗೆ ಒಂದು ಮಾತೂ ಆಡದೆ ದಿನಾ ಎಣ್ಣೆ ಬಟ್ಟಲು ಹಿಡಿದು ಬರುತ್ತಿದ್ದರು. ಚೆನ್ನಾಗಿ ಬೈಯಬೇಕೆಂದು ಕಟ್ಟಿಟ್ಟುಕೊಂಡಿದ್ದ ಮಾತುಗಳೆಲ್ಲ ನನ್ನಲ್ಲೇ ಉಳಿದವು. ಕೈ ಹೋದರೆ ಬದುಕೇ ಹೋಯಿತು ಅಂದುಕೊಂಡಿದ್ದೆ. ಆದರೆ ಇನ್ನೊಬ್ಬರ ಕೈಗೆ ತಲೆ ಒಪ್ಪಿಸಿ ಸುಮ್ಮನೆ ಕೂರುವ ಸುಖ ಅಮ್ಮ ತೀರಿಕೊಂಡ ಮೇಲೆ ನನಗೆ ಸಿಕ್ಕಿದ್ದು ಈಗಲೇ.

ಹೋದ ವಾರ ಇವರು ಹೊರಗೆ ಹೋಗಿದ್ದಾಗ ಮಗ್ಗಕ್ಕೆ ಕೂತೆ. ಹಗ್ಗ ಎಳೆದೆ. ನೋವಿತ್ತು.

ಲಾಳಿ ಆ ಕಡೆ ಹೋಗಿ ಮುಟ್ಟಿತು.

ಅಲ್ಲೇ ಅತ್ತುಬಿಟ್ಟೆ. ಮೊದಲಿನ ವೇಗ ಬರುವುದಿಲ್ಲ, ಮಣಿಕಟ್ಟು ಪೂರ್ತಿ ಬಗ್ಗುವುದೂ ಇಲ್ಲ ಎಂದು ಡಾಕ್ಟರ್ ಹೇಳಿದ್ದಾರೆ. ಇರಲಿ. ಗೇಣುದ್ದ ನೇಯ್ದರೂ ಸಾಕು ನನಗೆ.

ಮಗ್ಗದ ಸದ್ದು ಕೇಳಿ ಇವರು ಚಪ್ಪಲಿಯನ್ನೂ ಬಿಡದೆ ಒಳಗೆ ಬಂದಿದ್ದರು. ಇವರ ಕಣ್ಣೂ ಒದ್ದೆಯಾಗಿತ್ತು.

"ಅಪ್ಪಾಡಾ, ಕೈ ಬಂತು! ಇನ್ ಮೇಲೆ ಜಡೇನೂ ನೀನೇ ಹಾಕ್ಕೋಬೌದು."

"ಜಡೆ ಹಾಕೋವಷ್ಟು ಬಲ ಇನ್ನೂ ಬಂದಿಲ್ಲ," ಎಂದೆ.

ಇವರು ನನ್ನ ಮುಖ ನೋಡಿದರು. ಹೋಗಿ ಬಾಚಣಿಗೆ ತಂದರು.